ಕಪ್ಪು ಹುಲಿ ದೇವರ ಮಣಿಗಳು

ನಮ್ಮ ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರು ನೋಡಿಕೊಂಡು ಹೆಜ್ಜೆ ಇಡಬೇಕಿತ್ತು. ಇಂಗ್ಲೆಂಡಿನ ಎಜ್‌ಬಾಸ್ಟನ್ನಿನ ಆ ಮನೆಯ ಮುಂದಿನ ಕೋಣೆಗೆ ಹಿಂದೆ ಇದ್ದವರು ಹಾಸಿಹೋಗಿದ್ದ ಕಂದು ಕಾರ್ಪೆಟ್ ಇತ್ತು. ಅದರ ಸುರುಳಿ ಚಿತ್ತಾರದೊಳಗೆ ಬಿದ್ದ ಮಣಿ ಕಣ್ಣಿಗೆ ಕಾಣುತ್ತಿರಲಿಲ್ಲ, ಕಾಲಿಗೆ ಮಾತ್ರ ಸಿಗುತ್ತಿತ್ತು. ಆಸ್ಪತ್ರೆಯಿಂದ ಬಂದ ಅಪ್ಪ ಬೂಟು ಕಾಲುಚೀಲ ಕಳಚಿ, ಹಾಯೆನ್ನುತ್ತ ಕೋಣೆಗೆ ಕಾಲಿಟ್ಟವನೇ "ಅಯ್ಯಯ್ಯಪ್ಪಾ" ಎಂದು ಒಂಟಿಕಾಲಲ್ಲಿ ಕುಣಿಯುತ್ತಿದ್ದ. ಅಮ್ಮ ಅಡುಗೆಮನೆಯಿಂದಲೇ "ಯಾವ ಬಣ್ಣದ್ದು?" ಎಂದು ಕೇಳುತ್ತಿದ್ದಳು. ನೋವಾಯಿತೇ ಎಂದು ಕೇಳಿದ್ದು ನನಗೆ ನೆನಪಿಲ್ಲ. ಹಸಿರಾದರೆ ಅದು ಪೂರ್ವ ದಿಕ್ಕಿನ ಮಣಿ, ಕೆಂಪಾದರೆ ದಕ್ಷಿಣದ್ದು, ಬಿಳಿಯಾದರೆ ಪಶ್ಚಿಮದ್ದು, ಕಪ್ಪಾದರೆ ಉತ್ತರದ್ದು, ಹಳದಿಯಾದರೆ ನಡುಮಧ್ಯದ್ದು. ಶಾಲೆಯಲ್ಲಿ ಭೂಪಟ ಬಿಡಿಸುವ ಮುಂಚೆಯೇ ಅಪ್ಪನ ಅಂಗಾಲಿನ ದಯದಿಂದ ನಾನು ದಿಕ್ಕುಗಳನ್ನು ಕಲಿತಿದ್ದೆ.

ಆ ಮನೆಗೆ ಬರುವ ಮುಂಚೆ ನಾವು ಲೀಡ್ಸ್‌ನಲ್ಲಿದ್ದೆವು, ಆಮೇಲೆ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿದ್ದೆವು. ಅಪ್ಪನ ತರಬೇತಿ ಯಾವ ಆಸ್ಪತ್ರೆಗೆ ಎಳೆಯಿತೋ ಅಲ್ಲಿಗೆ ಅಮ್ಮ ಪಾತ್ರೆ, ದೇವರು ಮತ್ತು ನನ್ನನ್ನು ಕಟ್ಟಿಕೊಂಡು ಹೊರಡುತ್ತಿದ್ದಳು. ಅಪ್ಪ ಅರಿವಳಿಕೆಯ ಡಾಕ್ಟರು. ದಿನವಿಡೀ ಊರಿನವರನ್ನು ಮಲಗಿಸಿ ಎಬ್ಬಿಸಿ, ಮನೆಗೆ ಬಂದು ಊಟದ ತಟ್ಟೆಯ ಮುಂದೆ ತಾನೇ ತೂಕಡಿಸುವ ಮನುಷ್ಯ. ಅವನು ಮೈಸೂರಿನವನು, ಅಮ್ಮ ಧಾರವಾಡದವಳು. ಮದುವೆಗೆ ಮುಂಚೆ ಅಮ್ಮ ಅಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದಳು. ಇಲ್ಲಿ ಆ ಓದನ್ನು ಕೇಳುವವರೇ ಇರಲಿಲ್ಲ. ಕನ್ನಡದವರ ಹಬ್ಬದೂಟಗಳಲ್ಲಿ ಅವಳನ್ನು ಪರಿಚಯ ಮಾಡಿಕೊಡುವವರು "ಇವರು ಡಾಕ್ಟರ ಮಿಸೆಸ್ಸು" ಎಂದರೆ ಅಲ್ಲಿಗೆ ಮುಗಿಯಿತು. ಅಮ್ಮ ಅಲ್ಲಿ ನಗುತ್ತಿದ್ದಳು. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡ ಮೇಲೆ ಮಾತು ಹೊರಗೆ ಬರುತ್ತಿತ್ತು:

"ನನಗೊಂದು ಹೆಸರದ, ವಿದ್ಯಾ ಅಂತ. ಇಲ್ಲೆ ಯಾರಿಗರೆ ಗೊತ್ತದ ಏನು?"

"ನಂಗೆ ಗೊತ್ತಲ್ಲ ಕಣೇ," ಎನ್ನುತ್ತಿದ್ದ ಅಪ್ಪ.

"ನಿಮಗ ಗೊತ್ತಿದ್ದು ಏನ್ ಮಾಡೋದದ, ನೀವು ಮಲಕೊಂಡಿರ್ತೀರಿ."

ಧಾರವಾಡದಲ್ಲಿ ಅಮ್ಮನ ತವರುಮನೆಯ ಕಟ್ಟೆಗೆ ತಾಗಿಕೊಂಡೇ ಒಬ್ಬ ಪಟವೇಗಾರರ ಅಂಗಡಿ ಇತ್ತಂತೆ. ಒಡವೆಗಳನ್ನು ರೇಶ್ಮೆ ದಾರದಲ್ಲಿ ಪೋಣಿಸಿ, ಗೊಂಡೆ ಕಟ್ಟಿ ಕೊಡುವುದು ಅವರ ಕಸುಬು. ಶಾಲೆ ಬಿಟ್ಟ ಮೇಲೆ ಅಮ್ಮ ಅಲ್ಲೇ ಠಿಕಾಣಿ ಹೂಡುತ್ತಿದ್ದಳು. ನೆಲದ ಮೇಲೆ ಕೂತು, ಕಾಲು ಚಾಚಿ, ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಬಿಗಿಯಾಗಿ ಎಳೆದು ಹಿಡಿದು, ಮಣಿ ಮಣಿಗೂ ಹಿಂದೊಂದು ಗಂಟು ಹಾಕುತ್ತ ಹೋಗುವುದು ಆ ಕೆಲಸದ ರೀತಿ. ಹಾಗೆ ಕಟ್ಟಿದ ಸರ ಹರಿದರೆ ಒಂದೇ ಮಣಿ ಬೀಳುತ್ತದೆ, ಉಳಿದವು ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ. ಇದನ್ನು ಅಮ್ಮ ಯಾರಿಂದಲೂ ಪಾಠ ಹೇಳಿಸಿಕೊಂಡು ಕಲಿಯಲಿಲ್ಲ, ನೋಡಿ ನೋಡಿ ಕೈಗೆ ಬಂದಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಅದು ಯಾವ ಕೆಲಸಕ್ಕೂ ಬರದೆ ಸುಮ್ಮನೆ ಕೈಯಲ್ಲೇ ಉಳಿದಿತ್ತು.

ಅದಕ್ಕೆ ಕೆಲಸ ಕೊಟ್ಟವಳು ಮೇ ಆಂಟಿ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಮ್ಮ ಒಗ್ಗರಣೆಯ ಘಾಟಿಗೆ ಆಚೆ ಅವಳು ಸೀನುತ್ತಿದ್ದಳು, ಅವಳು ಶುಂಠಿ ಬೆಳ್ಳುಳ್ಳಿ ಹುರಿದರೆ ಈಚೆ ನಮಗೆ ಹಸಿವಾಗುತ್ತಿತ್ತು. ಮಲೇಷ್ಯಾದ ಪೆನಾಂಗಿನಿಂದ ಬಂದು, ಅಪ್ಪನ ಆಸ್ಪತ್ರೆಯಲ್ಲೇ ವಾರ್ಡ್ ಸಿಸ್ಟರ್ ಆಗಿದ್ದ ಚೀನೀ ಹೆಂಗಸು. ಒಂದು ಸಂಜೆ ಬಾಗಿಲು ತಟ್ಟಿ, ಗಂಟು ಕಟ್ಟಿದ ಆಸ್ಪತ್ರೆಯ ರಬ್ಬರ್ ಕೈಗವಸೊಂದನ್ನು ಅಮ್ಮನ ಮುಂದೆ ಹಿಡಿದಳು. ಕೈಗವಸಿನ ಬೆರಳುಗಳ ತುಂಬ ಮಣಿ. ಎಲಾಸ್ಟಿಕ್‌ನಲ್ಲಿ ಪೋಣಿಸಿದ್ದ ಅವಳ ಕೈಸರ ಡ್ಯೂಟಿಯ ನಡುವೆ ಪಟ್ಟೆಂದು ಹರಿದು, ವಾರ್ಡಿನ ಮಂಚಗಳ ಕೆಳಗೆಲ್ಲ ಚದುರಿ, ನಡೆಯಬಲ್ಲ ಪೇಶೆಂಟುಗಳೆಲ್ಲ ಬಗ್ಗಿ ಹೆಕ್ಕಿಕೊಟ್ಟಿದ್ದರಂತೆ. ಅಮ್ಮ ಅದನ್ನು ಕೆಂಪು ರೇಶ್ಮೆಯಲ್ಲಿ ಗಂಟು ಗಂಟಾಗಿ ಕಟ್ಟಿ ಮಾರನೆಯ ದಿನ ಕೊಟ್ಟಳು. ಮೇ ಆಂಟಿ ಅದನ್ನು ಎಳೆದು ನೋಡಿದಳು, ಜಗ್ಗಿ ನೋಡಿದಳು, ಹಲ್ಲಿನಿಂದಲೂ ಕಚ್ಚಿ ನೋಡಿದಳು. ಆಮೇಲೆ ತನ್ನ ಮನೆಗೆ ಕರೆದುಕೊಂಡು ಹೋಗಿ ಒಂದು ಟ್ರಂಕು ತೆಗೆದಳು. ಅದರ ತುಂಬ ಮಣಿಯೇ ಇತ್ತು.

ಅವಳ ಮನೆಯ ನಡುಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಸಂಪತ್ತಿನ ದೇವರುಗಳ ಪಟಗಳಿದ್ದವು, ಮುಂದೆ ಕಿತ್ತಳೆ ಹಣ್ಣಿನ ರಾಶಿ. ಮೇ ಆಂಟಿ ಮಾತಾಡುತ್ತಿದ್ದದ್ದು ಇಂಗ್ಲಿಷ್. ನನ್ನ ನೆನಪಿನಲ್ಲಿ ಮಾತ್ರ ಅವಳ ಮಾತು ಕನ್ನಡವಾಗಿಯೇ ಉಳಿದಿದೆ, ಏಕೆಂದು ಕೇಳಿದರೆ ನನಗೂ ಗೊತ್ತಿಲ್ಲ. ಒಬ್ಬ ದೇವರದು ಕರಿಯ ಮುಖ, ಪೊದೆಗಡ್ಡ. ಕಪ್ಪು ಹುಲಿಯ ಮೇಲೆ ಕೂತು ಒಂದು ಕೈಯಲ್ಲಿ ಕಬ್ಬಿಣದ ಕೋಲು, ಇನ್ನೊಂದರಲ್ಲಿ ದೋಣಿಯ ಆಕಾರದ ಬಂಗಾರದ ಗಟ್ಟಿ ಹಿಡಿದಿದ್ದ. ಅವನು ನಡುವಿನವನು, ಅವನ ಮಾತು ಕೇಳುವ ಇನ್ನು ನಾಲ್ವರು ನಾಲ್ಕು ದಿಕ್ಕಿಗೆ. ಅದಕ್ಕೇ ಕೈಸರದಲ್ಲಿ ಐದು ಬಣ್ಣ. ಪಕ್ಕದ ಪಟದಲ್ಲಿದ್ದವನು ಬೆಳ್ಳಗೆ, ಶಾಂತವಾಗಿ, ಮಂತ್ರಿಯ ಉಡುಪಿನಲ್ಲಿದ್ದ.

"ಇವನು ನಿಜ ಹೇಳುವ ಮಂತ್ರಿ," ಎಂದಳು ಮೇ ಆಂಟಿ. "ಕೆಟ್ಟ ರಾಜ ಸಿಟ್ಟಿಗೆದ್ದು ಇವನ ಹೃದಯ ಕೀಳಿಸಿದ. ಹೃದಯವೇ ಇಲ್ಲದ ಮೇಲೆ ಇವರು ನನ್ನವರು, ಅವರು ಬೇರೆಯವರು ಅನ್ನುವುದೆಲ್ಲಿ ಬಂತು? ಅದಕ್ಕೇ ಸಂಪತ್ತು ಹಂಚುವ ಕೆಲಸ ಇವನಿಗೆ ಸಿಕ್ಕಿತು."

ಮನೆಗೆ ಬಂದು ನಾನು ಇದನ್ನು ಅಪ್ಪನಿಗೆ ಒಂದೇ ಉಸಿರಿನಲ್ಲಿ ಹೇಳಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿ, "ಅನಸ್ತೀಸಿಯಾ ಯಾರು ಕೊಟ್ಟರಂತೆ?" ಎಂದ.

ಅಲ್ಲಿಂದ ಮುಂದೆ ಮಧ್ಯಾಹ್ನಗಳು ಮಣಿಗಳವಾದವು. ಅರ್ಲಿ ಶಿಫ್ಟು ಮುಗಿಸಿ ಮೇ ಆಂಟಿ ಬರುತ್ತಿದ್ದಳು, ನಾನು ಶಾಲೆಯಿಂದ ಬರುತ್ತಿದ್ದೆ, ಕೋಣೆ ಬೆಚ್ಚಗಿಡುವ ಗ್ಯಾಸ್ ಫೈರಿನ ಮುಂದೆ ಅಮ್ಮ ಕಾಲು ಚಾಚಿ ಕೂತಿರುತ್ತಿದ್ದಳು. ಅಮ್ಮನೊಳಗಿನ ಡ್ರಾಯಿಂಗ್ ಟೀಚರು ಎದ್ದು ಕೂತಿದ್ದಳು. ಹಾಳೆಯ ಮೇಲೆ ಬಣ್ಣ ಹಾಕಿ ನೋಡದೆ ಒಂದು ಮಣಿಯನ್ನೂ ಮುಟ್ಟುತ್ತಿರಲಿಲ್ಲ. ಕಪ್ಪು ಹುಲಿಯ ದೇವರಿಗೆಂದೇ ಅವಳು ಒಂದು ಹೊಸ ಮಾದರಿ ಮಾಡಿದಳು. ತವರಿನಿಂದ ತಂದಿದ್ದ ಕರಿಮಣಿಗಳನ್ನು ಸಾಲಾಗಿ ಹಿಡಿದು, ನಡುನಡುವೆ ಹಳದಿಯ ಸಣ್ಣ ಮಣಿಗಳ ಪಟ್ಟೆ ಎಳೆದು, ಮಧ್ಯಕ್ಕೆ ದೇವರ ಮುಖದ ಹಿತ್ತಾಳೆ ಬಿಲ್ಲೆ, ಅದರ ಪಕ್ಕ ಪುಟ್ಟ ಬಂಗಾರದ ದೋಣಿ. ಕೈಗೆ ಕಟ್ಟಿಕೊಂಡರೆ ಮಣಿಕಟ್ಟಿನ ಸುತ್ತ ಒಂದು ಹುಲಿ ಮಲಗಿದ ಹಾಗೆ ಕಾಣುತ್ತಿತ್ತು. ಅದನ್ನು ನೋಡಿ ಮೇ ಆಂಟಿ ತೀರ್ಮಾನ ಮಾಡಿಬಿಟ್ಟಳು. ಚಳಿಗಾಲದ ಕೊನೆಗೆ ಊರಿನ ಚೀನೀ ಬೀದಿಯಲ್ಲಿ ಅವರ ಹೊಸವರ್ಷದ ಸಂತೆ ನಡೆಯುತ್ತದೆ, ಅಲ್ಲಿ ಇಬ್ಬರೂ ಸೇರಿ ಒಂದು ಟೇಬಲ್ ಹಾಕುವುದು, ಮುಂದೆ 'ಮೇ ಮತ್ತು ವಿದ್ಯಾ' ಎಂದು ಬೋರ್ಡು ತೂಗುಹಾಕುವುದು. ಅಮ್ಮ ಆ ಬೋರ್ಡನ್ನು ಅವತ್ತೇ ಬರೆದು ಮುಗಿಸಿದಳು. ತನ್ನ ಹೆಸರಿನ ಅಕ್ಷರಗಳಿಗೆ ಅವಳು ಕೆಂಪು ತುಂಬುತ್ತಿದ್ದದ್ದನ್ನು ಪಕ್ಕದಲ್ಲಿ ಕೂತು ನೋಡಿದವಳು ನಾನು. ಹಾಗೆ ಹೊಳೆಯುವ ಅಮ್ಮನನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಮೈಸೂರಿನಿಂದ ಅಜ್ಜಿ ಬಂದರು. ಅಪ್ಪನ ಅಮ್ಮ. ಆರು ತಿಂಗಳ ವೀಸಾ, ಎರಡು ಸೂಟ್‌ಕೇಸು, ಅದರಲ್ಲಿ ಒಂದರ ತುಂಬ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳು. ತಾತ ಹೋಗಿ ಬಹಳ ವರ್ಷವಾಗಿತ್ತು. ಅಜ್ಜಿಯ ಹಣೆ ಬರಿದು, ಕೊರಳು ಬರಿದು, ಕೈ ಬರಿದು. ತಿಳಿ ಬೂದಿ, ತಿಳಿ ಕಂದು, ಹೀಗೆ ಬಣ್ಣವೋ ಅಲ್ಲವೋ ಎನ್ನುವಂಥ ಸೀರೆಗಳು, ಮೇಲೆ ಅಪ್ಪನ ಹಳೆಯ ಸ್ವೆಟರು. ಅವರ ಮಣಿಕಟ್ಟು ತುಂಬ ಮೆತ್ತಗೆ, ನನಗೆ ಅದನ್ನು ಸವರುವುದೆಂದರೆ ಇಷ್ಟ. ಒಮ್ಮೆ ಬಳೆ ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದ್ದಕ್ಕೆ "ನಂಗೆ ಬೇಡ ಪುಟ್ಟ" ಎಂದಿದ್ದರು. ಬೇಡ ಎನ್ನುವುದಕ್ಕೂ ಬಾರದು ಎನ್ನುವುದಕ್ಕೂ ಇರುವ ವ್ಯತ್ಯಾಸ ಆಗ ನನಗೆ ತಿಳಿಯುತ್ತಿರಲಿಲ್ಲ.

ದೇವರಿಗೆ ಅಮ್ಮ ಜಾಗ ಕೊಟ್ಟಿದ್ದದ್ದು ಮಹಡಿಯ ಮೇಲಿನ ಬಿಸಿನೀರಿನ ಬಾಯ್ಲರ್ ಇರುವ ಬೀರುವಿನಲ್ಲಿ, ಒಣಗಿದ ಟವೆಲ್ಲುಗಳ ಪಕ್ಕ. ಅಜ್ಜಿ ರೇಗುತ್ತಾರೆಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದರೆ, ಅವರು ಒಳಗೆ ಕೈಯಿಟ್ಟು ನೋಡಿ "ಸದ್ಯ, ದೇವರಿಗಾದರೂ ಬೆಚ್ಚಗಿದೆ" ಎಂದು ಸಮಾಧಾನಪಟ್ಟರು. ರೇಗಿದ್ದು ಬೇರೆ ಕಡೆ. ಸಾರಿಗೆ ಬೆಲ್ಲ ಎಷ್ಟು ಎಂಬುದರ ಬಗ್ಗೆ ಮೈಸೂರಿಗೂ ಧಾರವಾಡಕ್ಕೂ ದಿನಾ ಬೆಳಿಗ್ಗೆ ಒಂದು ಕಾಳಗ. ಅಮ್ಮ ಬಡಿಯುವ ರೊಟ್ಟಿಯ ಸದ್ದು ಕೇಳಿ ಅಜ್ಜಿ ಸೀಲಿಂಗಿನ ಕಡೆ ನೋಡುತ್ತಿದ್ದರು. ಅಜ್ಜಿಯೊಂದಿಗೆ ಮಾತಾಡುವಾಗ ಅಮ್ಮ ತನ್ನ ಕನ್ನಡವನ್ನು ಆದಷ್ಟು ಮೈಸೂರಿನ ಕಡೆಗೆ ಬಗ್ಗಿಸುತ್ತಿದ್ದಳು, ಸಿಟ್ಟೋ ಅಳುವೋ ಬಂದರೆ ಬಗ್ಗಿಸಿದ್ದೆಲ್ಲ ನೆಟ್ಟಗಾಗಿ ಧಾರವಾಡ ಹೊರಗೆ ಬರುತ್ತಿತ್ತು. ಆದರೆ ದೊಡ್ಡ ಜಗಳ ಹತ್ತಿದ್ದು ಮಣಿಗಳಿಂದ. ಅಮ್ಮ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಕೂತದ್ದನ್ನು ಅಜ್ಜಿ ಮೊದಲ ಸಲ ಕಂಡ ದಿನ:

"ಏನೇ ಇದು, ದೇವರ ಬಿಲ್ಲೇನ ಕಾಲಿಗೆ ಕಟ್ಕೊಂಡಿದೀಯ?"

"ಅದು ಹಂಗ ಹಿಡಿದ್ರನ ಬಿಗಿ ಬರೋದ್ರಿ ಅತ್ತಿ. ಮತ್ತ ಇದು ನಮ್ಮ ದೇವರಲ್ಲ, ಮೇ ಅವರದು."

"ಯಾರ ಮನೆ ದೇವರಾದ್ರೇನು, ದೇವರು ದೇವರೇ. ಕರಿಮಣಿ ಬೇರೆ! ಅದನ್ನ ಕಂಡಕಂಡವರ ಕೈಗೆಲ್ಲಾ ಕಟ್ತೀಯಾ?"

ಅಮ್ಮ ದಾರವನ್ನು ಬಾಗಿಲ ಹಿಡಿಕೆಗೆ ಕಟ್ಟಿ ನೋಡಿದಳು, ಟೇಬಲ್ ಕಾಲಿಗೆ ಕಟ್ಟಿ ನೋಡಿದಳು. ಬೇಕಾದಾಗ ಬಿಗಿಯಾಗಿ ಬೇಕಾದಾಗ ಸಡಿಲಾಗುವ ಬುದ್ಧಿ ಟೇಬಲ್ಲಿಗೆ ಎಲ್ಲಿಂದ ಬರಬೇಕು? ಕೊನೆಗೆ ಪರಿಹಾರ ಹುಡುಕಿದ್ದೂ ಅಜ್ಜಿಯೇ. ಮಕ್ಕಳ ಕಾಲಿಗೆ ದೋಷವಿಲ್ಲ, ಪುಟ್ಟಿಯ ಬೆರಳಿಗೆ ಕಟ್ಟು ಎಂದರು. "ವೈ ಮೀ?" ಎಂದು ನಾನು ಕೂಗಿದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೀಗೆ ಅಮ್ಮನ ಎದುರು ಕಾಲು ಚಾಚಿ ಕೂತು ನಾನು ಹೋಮ್‌ವರ್ಕು ಮಾಡಿದೆ, ಕಥೆಪುಸ್ತಕ ಓದಿದೆ, ಟೋಸ್ಟು ತಿಂದೆ. ಅಮ್ಮ ದಾರ ಎಳೆದರೆ ನಾನು ಬೆರಳು ಹಿಂದಕ್ಕೆ ಬಗ್ಗಿಸಬೇಕು, ಬಿಟ್ಟರೆ ಮುಂದಕ್ಕೆ. ಇವತ್ತಿಗೂ ಯಾರಾದರೂ ಮನಸ್ಸಿಟ್ಟು ಏನನ್ನಾದರೂ ಮಾಡುತ್ತಿದ್ದರೆ ಅವರ ಎದುರು ಸುಮ್ಮನೆ ಕೂತಿರುವುದು ನನಗೆ ಬೇಸರ ತರುವುದಿಲ್ಲ. ನನ್ನ ತಾಳ್ಮೆ ಎಂದು ಜನ ಹೊಗಳುವುದೆಲ್ಲ ಆ ಕಾಲ್ಬೆರಳಿನಿಂದ ಬಂದದ್ದು.

ಮೇ ಆಂಟಿಯನ್ನು ಅಜ್ಜಿ 'ಮೇಯಮ್ಮ' ಮಾಡಿಕೊಂಡರು. ಅಜ್ಜಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು, ಆದರೂ ರೇಡಿಯೇಟರಿನ ಪಕ್ಕ ಇಬ್ಬರೂ ಬಟಾಣಿ ಸುಲಿಯುತ್ತ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಅವಳ ಮನೆಗೆ ಹೋದಾಗ ಅಜ್ಜಿ ಹುಲಿಯ ಮೇಲಿನ ದೇವರನ್ನು ಕಂಡು ತಟ್ಟನೆ ಕೈಮುಗಿದು "ಅಯ್ಯೋ, ನಮ್ಮ ಮಾದಪ್ಪ ಇಲ್ಲಿಗೆ ಯಾವಾಗ ಬಂದ?" ಎಂದರು. ಬೆಟ್ಟದ ಮಾದಪ್ಪನೂ ಹುಲಿ ಏರುವ ದೇವರೇ ಅಲ್ಲವೇ. ಅಲ್ಲೇ ಒಂದು ಸಣ್ಣ ಮೇಜಿನ ಮೇಲೆ ಮೇ ಆಂಟಿಯ ಗಂಡನ ಫೋಟೋ ಇತ್ತು, ಮುಂದೆ ಒಂದು ಬಟ್ಟಲು ಚಹಾ. ತೀರಿಕೊಂಡರು ಎಂದು ನಾನೇ ಹೇಳಿದೆ. ಅಜ್ಜಿ ಫೋಟೋ ನೋಡಿದರು, ಆಮೇಲೆ ಮೇ ಆಂಟಿಯ ಕೆಂಪು ಕಾರ್ಡಿಗನ್ನನ್ನೂ ಅವಳ ಕೈಯ ಹಸಿರು ಬಳೆಯನ್ನೂ ನೋಡಿದರು. ಇನ್ನೊಂದು ಸಂಜೆ, ಕಾಲಿಗೆ ಮಣಿ ಚುಚ್ಚಿಸಿಕೊಂಡು ರೋಸಿಹೋದ ಅಪ್ಪ ಧೂಳು ಹೀರುವ ಹೂವರ್ ಎಳೆದುಕೊಂಡು ಬಂದು ಸ್ವಿಚ್ಚು ಒತ್ತಿದ. "ದೀಪ ಹಚ್ಚಿದ ಮೇಲೆ ಗುಡಿಸ್ತಾರೇನೋ, ಲಕ್ಷ್ಮಿ ಹೊರಟುಹೋಗ್ತಾಳೆ!" ಎಂದು ಅಜ್ಜಿ ಒಂದು ಕಡೆಯಿಂದ ಕೂಗಿದರೆ, ಮಣಿ ಒಳಗೆ ಹೋದದ್ದು ಕೇಳಿಸಿಕೊಂಡ ಮೇ ಆಂಟಿ "ಮನೆಯ ಭಾಗ್ಯ ಆ ಚೀಲದೊಳಗೆ ಹೋಯಿತು!" ಎಂದು ಇನ್ನೊಂದು ಕಡೆಯಿಂದ ಕೂಗಿದಳು. ತಮ್ಮಲ್ಲೂ ಹೊಸವರ್ಷದ ದಿನಗಳಲ್ಲಿ ಗುಡಿಸುವುದಿಲ್ಲ, ದೇವರು ಕಸದ ಜೊತೆ ಆಚೆ ಹೋಗುತ್ತಾನೆ ಎಂದು ಅವಳು ಹೇಳಿದ್ದನ್ನು ನಾನು ಅಜ್ಜಿಗೆ ತಿಳಿಸಿದೆ. ಅಜ್ಜಿ ಅಪ್ಪನ ಕಡೆ ತಿರುಗಿ "ನೋಡು, ಎಲ್ಲಾ ಕಡೆ ಅದೇ" ಎಂದರು. ಅಪ್ಪ ಚೀಲ ಬಿಚ್ಚಿ ಧೂಳಿನೊಳಗೆ ಭಾಗ್ಯ ಹುಡುಕುತ್ತ ಕೂತ.

ಇಷ್ಟಾದರೂ ಸಂತೆಯ ಮಾತು ಅಜ್ಜಿಯ ಮುಂದೆ ಬಂದಿರಲಿಲ್ಲ. ಅಮ್ಮ ಅಪ್ಪನನ್ನು ಕೇಳಿದರೆ ಅಪ್ಪ "ನಂದೇನೂ ಇಲ್ಲ, ಅಮ್ಮನ್ನ ಒಂದು ಮಾತು ಕೇಳಿಬಿಡು. ಅವರು ಬೇಡ ಅಂದ್ರೆ ಈ ಸಲ ಬಿಟ್ಬಿಡೋಣ" ಎಂದು ಕೈತೊಳೆದುಕೊಂಡ. ಅಮ್ಮ ಒಂದು ಮಧ್ಯಾಹ್ನ ಅಜ್ಜಿಗೆ ಕಾಫಿ ಕೊಟ್ಟು, ಲೋಟ ಅರ್ಧವಾಗುವವರೆಗೂ ಕಾದು, ಕೇಳಿದಳು. ಅಜ್ಜಿ ಲೋಟ ಕೆಳಗಿಟ್ಟರು.

"ಡಾಕ್ಟರ ಹೆಂಡ್ತಿ ಬೀದೀಲಿ ನಿಂತು ಮಾರೋದು ಅಂದ್ರೆ... ಜನ ಏನಂತಾರೆ ಹೇಳು?"

"ಬರೇ ಡಾಕ್ಟರ ಹೆಂಡ್ತಿ ಅಲ್ಲ ಅಂತ ತೋರ್ಸೋದಕ್ಕನ ಹೊಂಟೀನ್ರಿ ಅತ್ತಿ," ಎಂದಳು ಅಮ್ಮ. "ಇಷ್ಟು ವರ್ಷ ಎಲ್ಲೆ ಕರದ್ರ ಅಲ್ಲೆ ಗಂಟು ಕಟ್ಟೀನಿ. ಇದೊಂದು ನನಗ ಬೇಕು."

ಅಮ್ಮ ತನಗೆ ಏನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಜ್ಜಿಯೂ ಕೇಳಿರಲಿಲ್ಲವೆಂದು ಕಾಣುತ್ತದೆ.

"ಸಂಕ್ರಾಂತಿ ಕಳೀಲಿ, ಹೇಳ್ತೀನಿ," ಎಂದರು.

ಸಂಕ್ರಾಂತಿಗೆ ಅಮ್ಮ ಅಂಥ ತಯಾರಿ ಹಿಂದೆ ಯಾವತ್ತೂ ಮಾಡಿರಲಿಲ್ಲ. ಅಜ್ಜಿಯ ಮನಸ್ಸು ಗೆಲ್ಲಬೇಕು ಎನ್ನುವ ಆಸೆ ಎಲ್ಲರಿಗೂ ಕಾಣುವಂತಿತ್ತು. ಧಾರವಾಡದ ಕುಸುರೆಳ್ಳನ್ನು ತಾನಾಗಿಯೇ ಕೈಬಿಟ್ಟು, ಅಜ್ಜಿ ಹೇಳಿದ ಹಾಗೆ ಎಳ್ಳು, ಕೊಬ್ಬರಿ, ಬೆಲ್ಲ, ಕಡಲೆಕಾಯಿ ಎಲ್ಲವನ್ನೂ ಹೆಚ್ಚಿ ಹುರಿದು ಹದ ಮಾಡಿದಳು. ಸಕ್ಕರೆ ಅಚ್ಚುಗಳು ಬಿಳಿಬಿಳಿಯಾಗಿ ಎದ್ದುಬಂದು ಅಜ್ಜಿಯ ಮುಖ ಅರಳಿತು. ಸಟನ್ ಕೋಲ್ಡ್‌ಫೀಲ್ಡಿನಿಂದ, ಆಸ್ಪತ್ರೆಯ ಸುತ್ತಮುತ್ತಲಿನ ಬೀದಿಗಳಿಂದ ಕನ್ನಡದ ಹೆಂಗಸರು ಬಂದರು. ಅವರ ಕೋಟುಗಳು ಮಹಡಿಯ ಮಂಚದ ಮೇಲೆ ಗುಡ್ಡವಾದವು, ರೇಶ್ಮೆ ಸೀರೆಗಳು ಮುಂದಿನ ಕೋಣೆಯಲ್ಲಿ ತುಂಬಿಕೊಂಡವು. ಎಳ್ಳು ಬೆರೆಸಿದ್ದೆಲ್ಲ ಅಜ್ಜಿಯೇ. ಅರಿಶಿನ ಕುಂಕುಮ ಕೊಡುವ ಹೊತ್ತಿಗೆ ಮಾತ್ರ ಅವರು ತಾವಾಗಿಯೇ ಅಡುಗೆಮನೆಗೆ ಸರಿದು, ಎಳ್ಳುಬೆಲ್ಲವನ್ನು ಚೀಲಗಳಿಗೆ ತುಂಬುತ್ತ ಕೂತರು. ಹೋಗಿ ಎಂದು ಯಾರೂ ಹೇಳಲಿಲ್ಲ, ಇರಿ ಎಂದೂ ಯಾರೂ ಹೇಳಲಿಲ್ಲ.

ಬಂದ ಮುತ್ತೈದೆಯರಿಗೆ ಕುಂಕುಮದ ಜೊತೆ ಏನಾದರೊಂದು ಕೊಡುವುದು ಧಾರವಾಡದ ಕಡೆಯ ಪದ್ಧತಿ. ಅಮ್ಮ ಒಂದೊಂದು ಹುಲಿಯ ಕೈಸರ ಕೊಡುವುದೆಂದು ಗೊತ್ತುಮಾಡಿದ್ದಳು. ದೇವರು ಮೇ ಆಂಟಿಯವನಾದ್ದರಿಂದ ಕಟ್ಟುವ ಕೆಲಸ ಅವಳದೇ. ಕೆಂಪು ಜಾಕೆಟ್ಟು ತೊಟ್ಟು, ತಟ್ಟೆ ಹಿಡಿದು ಬಂದ ಮೇ ಆಂಟಿ ಕೂತವರನ್ನೆಲ್ಲ ಒಮ್ಮೆ ನೋಡಿ, ನನ್ನ ಕಡೆ ಬಗ್ಗಿ ಕೇಳಿದಳು:

"ನಿನ್ನ ಅಜ್ಜಿ ಎಲ್ಲಿ?"

ನಾನು ಅಡುಗೆಮನೆಯ ಕಡೆ ಕೈ ತೋರಿಸಿದೆ. ಅವಳು ಕೈ ಚಾಚಿ ಕೂತಿದ್ದವರನ್ನೆಲ್ಲ ದಾಟಿ ನೇರವಾಗಿ ಅಲ್ಲಿಗೆ ಹೋದಳು. ಆ ಕಾಲದ ಮನೆಗಳಲ್ಲಿ ಊಟದ ತಟ್ಟೆ ದಾಟಿಸುವುದಕ್ಕೆಂದು ಅಡುಗೆಮನೆಯ ಗೋಡೆಯಲ್ಲಿ ಕಿಟಕಿಯಂಥದೊಂದು ಕಂಡಿ ಇರುತ್ತಿತ್ತು. ಆ ಕಂಡಿಯಲ್ಲಿ ನಾವೆಲ್ಲರೂ ನೋಡಿದೆವು. ಮೇ ಆಂಟಿ ಅಜ್ಜಿಯ ಮುಂದೆ ಮಂಡಿಯೂರಿದಳು, ಬೆಲ್ಲ ಅಂಟಿದ ಅವರ ಕೈಯನ್ನು ಎತ್ತಿಕೊಂಡಳು, ಆ ಬರಿಯ ಮಣಿಕಟ್ಟಿಗೆ ಕರಿಮಣಿಯ ಸರವನ್ನು ಸುತ್ತಿ ಕೆಂಪು ದಾರದ ಗಂಟು ಹಾಕಿದಳು.

"ಅಯ್ಯೋ, ಅವರಿಗಲ್ಲ! ಅವರಿಗೆ ಕಟ್ಟಬಾರದು!" ಎಂದು ಈಚೆಯಿಂದ ಒಬ್ಬ ಆಂಟಿ ಇಂಗ್ಲಿಷಿನಲ್ಲಿ ಕೂಗಿಯೇಬಿಟ್ಟರು.

ಮೇ ಆಂಟಿಯ ಮುಖದ ನಗು ಹಾಗೇ ನಿಂತಿತು.

"ನಾನೇನಾದರೂ ತಪ್ಪು ಮಾಡಿದೆನಾ? ನಮ್ಮಲ್ಲಿ ಯಾವುದಾದರೂ ಮನೆಯ ಹಿರಿಯರಿಗೆ ಮೊದಲು."

ಅಮ್ಮ ಕುಂಕುಮದ ಬಟ್ಟಲು ಹಿಡಿದುಕೊಂಡೇ ಒಳಗೆ ಓಡಿದಳು. "ಅತ್ತಿ, ಅಕಿಗೆ ಗೊತ್ತಿಲ್ರಿ, ಅಕಿಗೆ ಗೊತ್ತಿಲ್ಲ..." ಎನ್ನುವುದಷ್ಟೇ ಅವಳಿಂದಾಯಿತು. ಅಜ್ಜಿ ತಮ್ಮ ಕೈಯನ್ನು ನೋಡಿಕೊಂಡರು. ಆಮೇಲೆ ಸೆರಗನ್ನು ಅದರ ಮೇಲೆ ಎಳೆದುಕೊಂಡರು.

"ಹೊರಗೆ ಜನ ಕೂತಿದಾರೆ. ಹೋಗಿ ನೋಡ್ಕೋ," ಎಂದರು. ದನಿಯಲ್ಲಿ ಏನಿದೆಯೆಂದು ಯಾರಿಗೂ ಗೊತ್ತಾಗಲಿಲ್ಲ.

ಉಳಿದ ಚೀಲಗಳನ್ನೆಲ್ಲ ತುಂಬಿ ಮುಗಿಸಿ ಅವರು ಮಹಡಿ ಹತ್ತಿದರು, ಮತ್ತೆ ಕೆಳಗೆ ಬರಲಿಲ್ಲ. ಜನ ಬೇಗ ಬೇಗ ಕೋಟು ಹುಡುಕಿಕೊಂಡು ಹೊರಟರು. ಬಾಗಿಲಲ್ಲಿ ಅಮ್ಮ ಮೇ ಆಂಟಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಕರಿಮಣಿ ಎಂದರೆ ಏನು, ಯಾರು ಅದನ್ನು ತೆಗೆಯಬೇಕು, ತೆಗೆದವರು ಮತ್ತೆ ಯಾಕೆ ಮುಟ್ಟುವುದಿಲ್ಲ ಎಂದು. ಮೇ ಆಂಟಿ ಅತ್ತಳು. ಬೇಕಾದರೆ ಸಂತೆ ಬಿಟ್ಟುಬಿಡೋಣ ಎಂದಳು. ಅಪ್ಪ ಬರುವ ಹೊತ್ತಿಗೆ ಅವಳು ಮಣಿಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗಳಿಗೆ ತುಂಬಿ ಮುಚ್ಚಳ ಹಾಕಿಯಾಗಿತ್ತು. 'ಮೇ ಮತ್ತು ವಿದ್ಯಾ' ಎಂದು ಬರೆದ ಬೋರ್ಡನ್ನು ಸೋಫಾದ ಹಿಂದೆ ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದಳು.

"ಮುಗೀತು ನೋಡ್ರಿ," ಎಂದಳು ಅಪ್ಪನಿಗೆ.

ಅಪ್ಪ ಅವತ್ತು ತೂಕಡಿಸಲಿಲ್ಲ. ಎರಡು ಸಲ ಮಹಡಿ ಹತ್ತಿ ಅಜ್ಜಿಯ ಬಾಗಿಲವರೆಗೆ ಹೋಗಿ, ತಟ್ಟದೆ ಇಳಿದು ಬಂದ. ನಾನು ಅಮ್ಮನ ಪಕ್ಕ ಹೋಗಿ ಕೂತೆ. ಅಜ್ಜಿಯ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಎಲ್ಲರೂ ಒಳ್ಳೆಯವರೇ ಆಗಿದ್ದರೂ ಒಂದು ಮನೆ ಇಷ್ಟು ದುಃಖಪಡಬಹುದು ಎನ್ನುವುದು ನನಗೆ ಹೊಸ ವಿಷಯವಾಗಿತ್ತು.

ಮರುದಿನ ಬೆಳಿಗ್ಗೆ ಅಮ್ಮ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಳು. ಅಜ್ಜಿ ಸ್ನಾನ, ಪೂಜೆ ಮುಗಿಸಿ ಕೆಳಗೆ ಬಂದರು. ಯಾರ ಕಡೆಯೂ ನೋಡದೆ ಮುಂದಿನ ಕೋಣೆಗೆ ಹೋಗಿ, ಗ್ಯಾಸ್ ಫೈರಿನ ಮುಂದೆ ಅಮ್ಮ ದಿನಾ ಕೂರುವ ಜಾಗದ ಎದುರಿಗೆ, ಕಾರ್ಪೆಟ್ಟಿನ ಮೇಲೆ ಕೂತರು.

"ವಿದ್ಯಾ, ಬಾ ಇಲ್ಲಿ."

ಅಮ್ಮ ಕೈ ಒರೆಸಿಕೊಂಡು ಹೋದಳು. ನಾನು ಹಿಂದೆಯೇ ಹೋದೆ. ಅಜ್ಜಿ ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿದರು. ಸರ ಕೈಯಲ್ಲೇ ಇತ್ತು.

"ಇದು ಸಡಿಲ ಇದೆ ಕಣೇ. ಪಾತ್ರೆ ತೊಳೆಯೋವಾಗ ಜಾರತ್ತೆ. ಒಂಚೂರು ಬಿಗಿ ಮಾಡ್ಕೊಡು."

ಅಮ್ಮ ಡಬ್ಬಿ ತೆಗೆದು ಸೂಜಿ ಹುಡುಕಿದಳು. ಸೂಜಿ ಕೈಯಲ್ಲೇ ಇದ್ದರೂ ಇನ್ನೂ ಹುಡುಕುತ್ತಿದ್ದಳು. ಕೊನೆಗೆ ಅಜ್ಜಿಯ ಮಣಿಕಟ್ಟನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅವರಿಬ್ಬರೂ ಹಾಗೆ ಒಬ್ಬರನ್ನೊಬ್ಬರು ಮುಟ್ಟಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಅತ್ತಿ, ಕರಿಮಣಿ ತಗದು ಬ್ಯಾರೆ ಹಾಕ್ಲೇನ್ರಿ?" ಎಂದಳು ತೀರಾ ಮೆಲ್ಲಗೆ. "ಹಸಿರು ಅವ, ಹವಳ ಅವ."

ಅಜ್ಜಿ ಕೈ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದರು.

"ಇರ್ಲಿ ಬಿಡು. ಅದು ಹುಲೀದು."

ಅಮ್ಮ ಗಂಟು ಬಿಚ್ಚಿ, ಎಳೆದು, ಮತ್ತೆ ಹಾಕಿದಳು. ಅವಳ ಕಣ್ಣೀರು ಅಜ್ಜಿಯ ಅಂಗೈ ಮೇಲೆ ಬಿತ್ತು. ಅಜ್ಜಿ ಅದನ್ನು ಒರೆಸಿಕೊಳ್ಳಲಿಲ್ಲ. ಬಿಗಿ ಸಾಕೇ ಎಂದು ಕೈ ಜಾಡಿಸಿ ನೋಡಿಕೊಂಡರು. ಆಮೇಲೆ ತಮ್ಮ ಬೂದಿ ಬಣ್ಣದ ಸೀರೆಯ ನಿರಿಗೆಯನ್ನು ಎರಡು ಬೆರಳಲ್ಲಿ ಹಿಡಿದು, ಸ್ವಲ್ಪ ನಾಚಿಕೊಂಡೇ ಕೇಳಿದರು:

"ನಿಮ್ಮ ಸಂತೆಗೆ ನಾನು ಏನು ಉಟ್ಕೊಂಡು ಬರ್ಲೇ?"

ಅಮ್ಮ ಸೂಜಿಯನ್ನು ನನ್ನ ಕೈಗೆ ಕೊಟ್ಟು ಎದ್ದಳು, ಮಹಡಿ ಹತ್ತಿ ಹೋಗಿ ತನ್ನ ಬೀರುವಿನ ಎರಡೂ ಬಾಗಿಲು ತೆರೆದಳು.